ಬೀಗರ ಮೀನು

ಜೋಳದ ಹಿಟ್ಟಿಗೆ ಕುದಿಯುವ ಎಸರು ಸುರಿದ ಕೂಡಲೇ ಒಂದು ವಾಸನೆ ಏಳುತ್ತದೆ. ರೊಟ್ಟಿ ತಿಂದು ಬೆಳೆದವರಿಗೆ ಅದನ್ನು ವರ್ಣಿಸಬೇಕಾಗಿಲ್ಲ; ಬೆಳೆಯದವರಿಗೆ ವರ್ಣಿಸಿದರೂ ಮೂಗಿಗೆ ಮುಟ್ಟುವುದಿಲ್ಲ. ಇವತ್ತು ಬೆಳಗ್ಗೆ ಐರ್ಲೆಂಡಿನ ಒಂದು ಸಣ್ಣ ಊರಿನ ನಮ್ಮ ಬಾಡಿಗೆ ಮನೆಯಲ್ಲಿ ಆ ವಾಸನೆ ಎದ್ದಿತು. ಎಬ್ಬಿಸಿದವನು ನಾನು. ಹಿಟ್ಟನ್ನು ಚೆನ್ನಾಗಿ ನಾದಿ ಎರಡು ಮುದ್ದೆ ಮಾಡಿದೆ. ದೊಡ್ಡದನ್ನು ರೊಟ್ಟಿಗೆಂದು ಪರಾತದಲ್ಲಿ ಬಿಟ್ಟೆ. ಸಣ್ಣದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಅದನ್ನು ನೋಡಿದ ನನ್ನ ಹೆಂಡತಿ ಗಿರಿಜಾ ಚಹಾದ ಕಪ್ಪಿನ ಹಿಂದಿನಿಂದಲೇ ಕೇಳಿದಳು: "ಇವತ್ತ ಊಟಕ್ಕ ಎಷ್ಟ ಮಂದಿ?"

ಇದು ಬಹಳ ಸಾದಾ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ಹಿಟ್ಟಿನ ಮುದ್ದೆ ಜೇಬಿಗೆ ಯಾಕೆ ಹೋಯಿತು, ಅದಕ್ಕೂ ಊಟಕ್ಕೆ ಬರುವವರಿಗೂ ಏನು ಸಂಬಂಧ ಎಂಬುದನ್ನು ಹೇಳಬೇಕಾದರೆ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅವಸರವಿಲ್ಲದಿದ್ದರೆ ಜೊತೆಗೆ ಬನ್ನಿ. ನನಗಂತೂ ಇಲ್ಲಿ ಅವಸರವೆಂಬುದೇ ಇಲ್ಲ.

ನಾನು ಹೆಂಡತಿಯ ಸೆರಗು ಹಿಡಿದು ಈ ದೇಶಕ್ಕೆ ಬಂದವನು. ಗಿರಿಜಾ ಮುದ್ದೇಬಿಹಾಳದವಳು, ವೃತ್ತಿಯಿಂದ ನರ್ಸು. ಇಲ್ಲಿನ ಆಸ್ಪತ್ರೆಗೆ ಬೇಕಾದದ್ದು ಅವಳು; ಅವಳ ಜೊತೆ ಪೆಟ್ಟಿಗೆಗಳೂ ನಾನೂ ಬಂದೆವು. ನನ್ನ ಕಾಗದಪತ್ರಗಳಲ್ಲಿ ನಾನು ಆಕೆಯ ಅವಲಂಬಿತ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ನಮ್ಮೂರು ಸಿಂದಗಿಯಲ್ಲಿ ಇಪ್ಪತ್ತು ವರ್ಷದಿಂದ ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಕಂಡುಹಿಡಿಯಲು ಇಲ್ಲಿನ ಅಧಿಕಾರಿಗಳಿಗೆ ಮೂರು ತಿಂಗಳು ಬೇಕಾಯಿತು. ಅಲ್ಲಿ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಇಂಡಿಯಿಂದ ಬಸವನ ಬಾಗೇವಾಡಿಯವರೆಗೆ ಎಲ್ಲಿ ಮದುವೆ ಇದ್ದರೂ ನಾನು ಹಾಜರು. ಆಮೇಲೆ ಎಲ್ಲರ ಕಿಸೆಗೂ ಒಂದೊಂದು ಕ್ಯಾಮೆರಾ ಬಂತು. ಮದುಮಗನೇ ತಾಳಿ ಕಟ್ಟುವ ಮೊದಲು ತನ್ನ ಫೋಟೋ ತಾನೇ ತೆಗೆದುಕೊಳ್ಳತೊಡಗಿದ ಮೇಲೆ ನಾನು ಬಾಗಿಲು ಎಳೆದುಕೊಂಡೆ. ಈಗ ನನ್ನ ಉದ್ಯೋಗ ರೊಟ್ಟಿ ಬಡಿಯುವುದು.

ಗಂಡಸು ಇಷ್ಟು ಚೆನ್ನಾಗಿ ರೊಟ್ಟಿ ಬಡಿಯುವುದನ್ನು ಎಲ್ಲಿ ಕಲಿತ ಎಂದು ಮದುವೆಯಾದ ಹೊಸದರಲ್ಲಿ ಗಿರಿಜಾ ಸಂಶಯಪಟ್ಟಿದ್ದಳು. ಹೇಳಿದ ಮೇಲೆ ಇನ್ನೂ ಹೆಚ್ಚು ಸಂಶಯಪಟ್ಟಳು. ಯಾಕೆಂದರೆ ನಾನು ಹಿಟ್ಟು ನಾದುವುದನ್ನು ಕಲಿತದ್ದು ರೊಟ್ಟಿಗಾಗಿ ಅಲ್ಲ, ಮೀನಿಗಾಗಿ.

ನಮ್ಮ ಮನೆಯಲ್ಲಿ ಮೀನಿನ ಮಾತು ಹಾಗೆ ಸುಲಭವಾಗಿ ಬರುವಂಥದ್ದಲ್ಲ. ನಮ್ಮದು ಮೊಟ್ಟೆಯ ಹೆಸರನ್ನೂ ಹೊಸ್ತಿಲಾಚೆಯೇ ಬಿಟ್ಟು ಒಳಗೆ ಬರುವ ಮನೆತನ. ಗಿರಿಜಾಳದ್ದು ಅದಕ್ಕಿಂತ ಒಂದು ಕೈ ಮೇಲು. ಇಂಥವನ ಕೈಗೆ ಗಾಳ ಕೊಟ್ಟವಳು, ಕೊಟ್ಟದ್ದನ್ನು ಕಸಿದುಕೊಂಡವಳು ಒಬ್ಬಳೇ. ದೇವಣಗಾಂವದ ಭೀಮವ್ವಕ್ಕ.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ನನಗೆ ಇಪ್ಪತ್ತನಾಲ್ಕು ವಯಸ್ಸು, ಸ್ಟುಡಿಯೋ ತೆರೆದು ಒಂದು ವರ್ಷವಾಗಿತ್ತು. ಒಂದು ದಿನ ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಮಗಳನ್ನು ಕರೆದುಕೊಂಡು ಬಂದಳು. ಮಗಳ ಹೆಸರು ಕಸ್ತೂರಿ. ಇಂಡಿ ಊರಿನಲ್ಲಿ ಒಂದು ಗಂಡು ಇತ್ತು. ಅವರಿಗೆ ಕಳಿಸಲು ಫೋಟೋ ಬೇಕಾಗಿತ್ತು. ತಾಯಿ ನನ್ನ ಪಕ್ಕದಲ್ಲೇ ನಿಂತು ಅಪ್ಪಣೆ ಕೊಡುತ್ತಿದ್ದಳು. "ಮಾಸ್ತರ, ಹುಡುಗಿ ಇದ್ದಂಗ ತೆಗೀರಿ. ಬೆಳ್ಳಗ ಮಾಡಾಕ ಹೋಗಬ್ಯಾಡ್ರಿ. ನಾಳೆ ನೋಡಾಕ ಬಂದಾಗ ಅವರು ಬ್ಯಾರೆ ಹುಡುಗಿನ್ನ ಹುಡುಕಬಾರದು." ನಮ್ಮ ಕಡೆ ದರ್ಜಿ, ಫೋಟೋದವ, ಶಾಲೆಯವರು ಎಲ್ಲರೂ ಮಾಸ್ತರರೇ.

ಫೋಟೋ ತಯಾರಾದ ಮೇಲೆ ನಾನೇ ತಂದುಕೊಡುತ್ತೇನೆಂದು ಹೇಳಿದೆ. ಅದರಲ್ಲಿ ಪರೋಪಕಾರವೇನೂ ಇರಲಿಲ್ಲ. ಅದು ಭಾನುವಾರ, ಮದುವೆ ಇಲ್ಲದ ದಿನ. ನದಿ ನೋಡಿ ಬರೋಣವೆಂಬ ಆಸೆ. ದೇವಣಗಾಂವದಲ್ಲಿ ಬಸ್ಸಿಳಿದು ಭೀಮವ್ವಕ್ಕನ ಮನೆ ಕೇಳಿದರೆ ಎಲ್ಲರೂ ನದಿಯ ಕಡೆಗೆ ಕೈ ತೋರಿಸಿದರು. ಹೋಗಿ ನೋಡುತ್ತೇನೆ, ಭೀಮಾ ನದಿ ಬೇಸಗೆಗೆ ಬತ್ತಿ ಅಲ್ಲೊಂದು ಇಲ್ಲೊಂದು ಮಡುವಾಗಿ ಉಳಿದಿದೆ. ಒಂದು ಮಡುವಿನ ದಂಡೆಯಲ್ಲಿ ಆಕೆ ಜಾಲಿ ಗಿಡದ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಕೈಯಲ್ಲಿ ಬಿದಿರಿನ ಕೋಲು. ಅದರ ದಾರಕ್ಕೆ ತೇಲುಬೆಂಡೆಂದು ಕಟ್ಟಿದ್ದು ಒಣಗಿದ ಜೋಳದ ದಂಟಿನ ಒಂದು ತುಂಡು. ಕೊಕ್ಕೆಗೆ ಚುಚ್ಚಿದ್ದು ಜೋಳದ ಹಿಟ್ಟು. ಈ ನಾಡಿನಲ್ಲಿ ಜೋಳವಿಲ್ಲದೆ ಮೀನೂ ಬದುಕುವುದಿಲ್ಲವೇನೋ ಎಂದು ನನಗೆ ನಗು ಬಂತು.

"ಅಕ್ಕಾ, ನಾನೂ ಒಂದೀಟು ಹಿಡೀಲೇನ್ರಿ?" ಎಂದೆ.

ಆಕೆ ನನ್ನ ಇಸ್ತ್ರಿ ಮಾಡಿದ ಅಂಗಿಯನ್ನೂ ಹಣೆಯ ಮೇಲಿನ ವಿಭೂತಿಯನ್ನೂ ನೋಡಿದಳು. "ನೀವು ತಿನ್ನಂಗಿಲ್ಲಲ್ರಿ?"

"ಇಲ್ರಿ."

"ಮತ್ಯಾಕ ಹಿಡಿತೀರಿ?"

ನಾನು ನಕ್ಕು ಕೈ ಚಾಚಿದೆ. ಆಕೆ ಕೋಲು ಕೊಟ್ಟಳು. ಆ ದಿನ ಎರಡು ತಾಸಿನಲ್ಲಿ ನನಗೆ ಸಿಕ್ಕಿದ್ದು ಒಂದು ಬೆರಳುದ್ದದ ಮೀನು ಮತ್ತು ಯಾರದೋ ಹಳೆಯ ಚಪ್ಪಲಿ. ಆದರೆ ಆ ದಂಟಿನ ಬೆಂಡು ಮೊದಲ ಸಲ ಪುಳಕ್ಕೆಂದು ಮುಳುಗಿದಾಗ ನನ್ನ ಎದೆಯೂ ಒಂದು ಸಲ ಮುಳುಗಿ ಎದ್ದಿತು. ಅಲ್ಲಿಂದ ಮುಂದೆ ಮದುವೆಯಿಲ್ಲದ ಭಾನುವಾರವೆಲ್ಲ ನಾನು ದೇವಣಗಾಂವದ ಬಸ್ಸು ಹತ್ತತೊಡಗಿದೆ. ಮನೆಯಲ್ಲಿ ನದಿಯ ಫೋಟೋ ತೆಗೆಯಲು ಹೋಗುತ್ತೇನೆಂದು ಹೇಳಿದ್ದೆ. ನಂಬಿಕೆ ಬರಲೆಂದು ಆಗಾಗ ನದಿಯ ಫೋಟೋ ತೆಗೆದುಕೊಂಡೂ ಬರುತ್ತಿದ್ದೆ. ಒಂದೇ ಮಡುವಿನ ಹನ್ನೊಂದು ಫೋಟೋ ನೋಡಿದ ಮೇಲೆ ನಮ್ಮಪ್ಪ, "ಈ ಹುಡುಗನ ಕ್ಯಾಮೆರಾಕ್ಕ ಏನೋ ಆಗೇತಿ" ಎಂದು ಅವ್ವನ ಮುಂದೆ ಹೇಳಿದರಂತೆ.

ಭೀಮವ್ವಕ್ಕನ ಶಾಲೆ ಕಠಿಣವಾದದ್ದು. ಮೊದಲ ಪಾಠ ಹಿಟ್ಟಿನದು. ಎಸರು ಕುದಿಯಬೇಕು, ಹಿಟ್ಟು ಹೊಸದಿರಬೇಕು, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಜಿಗಿ ಬಾರದ ಹಿಟ್ಟು ನೀರಿಗಿಳಿದ ಕೂಡಲೇ ಕರಗಿ ಹೋಗುತ್ತದೆ, ಕೊಕ್ಕೆ ಬರಿದಾಗುತ್ತದೆ. "ರೊಟ್ಟಿ ಅಂಚು ಹರಿತಿತ್ತಂದ್ರ ಗಾಳಕ್ಕೂ ಬರಂಗಿಲ್ಲ ಅಂತ ತಿಳೀರಿ" ಎನ್ನುತ್ತಿದ್ದಳು. ಎರಡನೆಯದು ಬಾಯಿ ಮುಚ್ಚಿಕೊಂಡಿರುವುದು. ಅದರಲ್ಲಿ ನಾನು ಆ ದಂಡೆಯಲ್ಲಿ ಇದ್ದಷ್ಟು ದಿನ ಪಾಸಾಗಲಿಲ್ಲ. ಮೂರನೆಯದು ಪಾಠವೆಂದು ಆಕೆ ಹೇಳಲಿಲ್ಲ, ನಾನು ನೋಡಿ ತಿಳಿದದ್ದು. ಮೀನು ದಂಡೆಗೆ ಬಿದ್ದಾಗ ಬೊಗಸೆ ನೀರು ಅದರ ಮೇಲೆ ಹಾಕಿ, ತಲೆ ಮುಟ್ಟಿ, ಮೆಲ್ಲಗೆ ಹೇಳುತ್ತಿದ್ದಳು: "ಸಿಟ್ಟಾಗಬ್ಯಾಡವ್ವಾ, ಮನಿಗೆ ಮಂದಿ ಬಂದಾರ." ಆಮೇಲೆಯೇ ಬಡಿಯುವುದು. ಮನೆಗೆ ಯಾರೂ ಬರದ ದಿನವೂ ಇದೇ ಮಾತು. "ಯಾರು ಬಂದಾರ್ರಿ ಅಕ್ಕಾ?" ಎಂದು ಒಮ್ಮೆ ಕೆಣಕಿದೆ. "ಹಸಿವಿ ಆಗೇತಲ್ರಿ, ಅದು ಬಂದಂಗ ಅಲ್ಲೇನು?" ಎಂದಳು.

ಇಷ್ಟೆಲ್ಲ ಕಲಿತರೂ ನನ್ನದೊಂದು ಚಾಳಿ ಹೋಗಲಿಲ್ಲ. ನನ್ನ ಗಾಳಕ್ಕೆ ಬಿದ್ದ ಮೀನನ್ನು ನಾನು ಕೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ನೋಡಿ, ಮತ್ತೆ ನೀರಿಗೆ ಬಿಟ್ಟುಬಿಡುತ್ತಿದ್ದೆ. ಬಿಡುವಾಗ ನನ್ನ ಮುಖದ ಮೇಲೆ ಒಂದು ಸಾತ್ವಿಕ ಕಳೆ ಬರುತ್ತಿತ್ತೆಂದು ಈಗ ಅನ್ನಿಸುತ್ತದೆ. ಭೀಮವ್ವಕ್ಕನಿಗೆ ಇದು ಸ್ವಲ್ಪವೂ ಸೇರುತ್ತಿರಲಿಲ್ಲ. "ಊಟಕ್ಕ ಕರದು, ಬಾಯಾಗ ಕೊಕ್ಕಿ ಹಾಕಿ, ಹೊರಗ ಎಳದು, ಮಾರಿ ನೋಡಿ, ಹೋಗ ಅಂತೀರಲ್ಲ. ಅದು ನಿಮಗೇನ್ ಮಾಡಿತ್ರಿ?" ಎನ್ನುವಳು. ನಾನು ಜೀವ ಉಳಿಸಿದೆನೆಂದರೆ, "ಜೀವಾ ಉಳಸಾಂವ ಮನ್ಯಾಗ ಇರ್ತಾನ. ಮೀನ ನೀರ ಬಿಟ್ಟು ಬಂದ್ರ ಹಿಡದಂಗಲ್ರಿ ಮಾಸ್ತರ. ಯಾರದರೆ ತಾಟಿನ್ಯಾಗ ಮುಳ್ಳು ಉಳದ್ರ ಹಿಡದಂಗ" ಎಂದು ಮುಖ ತಿರುಗಿಸುವಳು. ಆದರೂ ನನ್ನ ಪಾಲಿನ ಬೆರಳುದ್ದದ ಮೀನುಗಳ ಬಗ್ಗೆ ಆಕೆ ಜಗಳ ತೆಗೆಯಲಿಲ್ಲ.

ಆಮೇಲೆ ಆ ಭಾನುವಾರ ಬಂತು.

ನನ್ನ ಫೋಟೋ ಕೆಲಸ ಮಾಡಿತ್ತು. ಇಂಡಿಯವರು ಕಸ್ತೂರಿಯನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು: ಗಂಡು, ಅವನ ತಂದೆ, ಇಬ್ಬರು ಹಿರಿಯರು. ಭೀಮವ್ವಕ್ಕ ಬೆಳಕು ಹರಿಯುವ ಮೊದಲೇ ಮಡುವಿಗೆ ಬಂದು ಕೂತಿದ್ದಳಂತೆ. ನಾನು ಮೊದಲ ಬಸ್ಸಿಗೆ ಹೋದಾಗಲೂ ಬುಟ್ಟಿ ಖಾಲಿ. ಬಿಸಿಲು ಏರಿತು. ಮನೆಯಿಂದ ಕರೆ ಬಂತು, ಬೀಗರ ಬಸ್ಸು ಬಂತಂತೆ ಎಂದು. ಆಕೆ ಎದ್ದು ಸೆರಗು ಸರಿಪಡಿಸಿಕೊಂಡು ಕೋಲು ನನ್ನ ಕೈಗೆ ಕೊಟ್ಟಳು. "ಅವರಿಗೆ ಕಾಲಿಗೆ ನೀರು ಕೊಟ್ಟು ಬರ್ತೇನಿ. ಬೆಂಡಿನ ಮ್ಯಾಲ ಕಣ್ಣಿಡ್ರಿ. ಮಾತಾಡಬ್ಯಾಡ್ರಿ."

ಆಕೆ ಹೋಗಿ ಹತ್ತು ನಿಮಿಷವೂ ಆಗಿರಲಿಲ್ಲ. ಬೆಂಡು ಪುಳಕ್ಕೆನ್ನಲಿಲ್ಲ, ಒಮ್ಮೆಲೇ ಮಾಯವಾಯಿತು. ಕೋಲು ಬಾಗಿತು. ನಾನು ಚಪ್ಪಲಿ ಬಿಟ್ಟು ಮೊಣಕಾಲು ನೀರಿಗಿಳಿದು, ಬಿದ್ದು, ಎದ್ದು, ಅಂತೂ ಎಳೆದೆ. ರೋಹು. ಒಂದು ಮೊಳಕ್ಕಿಂತ ಉದ್ದ. ಚಿಪ್ಪುಗಳ ಅಂಚಿನಲ್ಲಿ ತೆಳ್ಳನೆಯ ಕೆಂಪು. ಅಷ್ಟು ದೊಡ್ಡ ಮೀನನ್ನು ನಾನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಅದರ ಬಾಯಿ ತೆರೆದು ಮುಚ್ಚುತ್ತಿತ್ತು. ಕಣ್ಣು ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಮೀನಿಗೆ ಕಣ್ಣು ಮುಚ್ಚಲು ಬರುವುದಿಲ್ಲವೆಂಬುದು ಆಗ ಹೊಳೆಯಲಿಲ್ಲ. ನನ್ನ ಮನಸ್ಸು ಎಷ್ಟು ಕರಗಿತೆಂದರೆ, ಕೊಕ್ಕೆ ಬಿಡಿಸಿ, ಎರಡೂ ಕೈಯಿಂದ ಅದನ್ನು ನೀರಿಗಿಳಿಸಿ, ಅದು ಬಾಲ ಬಡಿದು ಹೋಗುವವರೆಗೂ ನೋಡುತ್ತ ನಿಂತೆ. ಮನೆಗೆ ಬಂದ ಮಂದಿ ನನ್ನ ನೆನಪಿಗೇ ಬರಲಿಲ್ಲ. ಇದು ನೆವವಲ್ಲ, ನಡೆದದ್ದೇ ಹೀಗೆ. ಒಳ್ಳೆಯವನಾಗುವ ಸಂತೋಷದಲ್ಲಿ ಮನುಷ್ಯ ಎಷ್ಟು ಮೈಮರೆಯುತ್ತಾನೆ ಎಂದು ಈಗಲೂ ನನಗೆ ಆಶ್ಚರ್ಯ.

ತಲೆ ಎತ್ತಿದರೆ ದಂಡೆಯ ಮೇಲೆ ಭೀಮವ್ವಕ್ಕ ನಿಂತಿದ್ದಳು. ಬಾಲ ಬಡಿದದ್ದನ್ನು ಆಕೆಯೂ ನೋಡಿದ್ದಳು.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಕೆಳಗಿಳಿದು ಬಂದು ನನ್ನ ಕೈಯಿಂದ ಕೋಲು ತೆಗೆದುಕೊಂಡಳು. ದಾರ ಸುತ್ತಿದಳು. "ನಿಮಗ ಪುಣ್ಯಾ ಬಂತು ಮಾಸ್ತರ" ಎಂದಳು. "ನನ್ನ ಬೀಗರು ಝುಣಕಾ ತಿಂತಾರ."

ಬೀಗರು ಕಡಲೆಹಿಟ್ಟಿನ ಝುಣಕ, ರೊಟ್ಟಿ ತಿಂದರು. ಹುಡುಗಿಯನ್ನು ನೋಡಿದರು. ಹೇಳಿ ಕಳಿಸುತ್ತೇವೆಂದು ಹೋದರು. ಒಂದು ವಾರವಾಯಿತು, ಎರಡಾಯಿತು, ಮೂರನೆಯದೂ ಹೋಯಿತು, ಏನೂ ಸುದ್ದಿಯಿಲ್ಲ. ಆಮೇಲೆ ಯಾರದೋ ಬಾಯಿಂದ ತಿಳಿಯಿತು. ನದಿಯನ್ನೇ ಹಿತ್ತಿಲು ಮಾಡಿಕೊಂಡವರ ಮನೆಯಲ್ಲಿ, ಹೆಣ್ಣು ನೋಡಲು ಬಂದವರ ತಾಟಿಗೆ ಒಂದು ತುಂಡು ಮೀನು ಬೀಳಲಿಲ್ಲವೆಂದರೆ, ಅವರಿಗೆ ಈ ಸಂಬಂಧ ಮನಸ್ಸಿಲ್ಲ. ಬಾಯಿ ಬಿಟ್ಟು ಹೇಳಲಾರದೆ ಝುಣಕದಲ್ಲಿ ಹೇಳಿದ್ದಾರೆ ಎಂದು ಇಂಡಿಯವರು ತಿಳಿದುಕೊಂಡಿದ್ದರು. ಭೀಮವ್ವಕ್ಕ ಮೀನು ಸಿಗಲಿಲ್ಲವೆಂದು ಮಾತ್ರ ಅವರಿಗೆ ಹೇಳಿದ್ದಳು. ನನ್ನ ಹೆಸರು ಎತ್ತಿರಲಿಲ್ಲ.

ಕಸ್ತೂರಿ ಆ ಹುಡುಗನನ್ನು ಮೆಚ್ಚಿದ್ದಾಳೆಂಬುದು ದೇವಣಗಾಂವಕ್ಕೆಲ್ಲ ಗೊತ್ತಿತ್ತು. ನನ್ನ ಐದು ನಿಮಿಷದ ದಯೆಗೆ ಒಂದು ಹುಡುಗಿಯ ಮದುವೆ ಮುರಿಯುವುದರಲ್ಲಿತ್ತು. ಮರುದಿನ ಸ್ಟುಡಿಯೋಕ್ಕೆ ಬೀಗ ಹಾಕಿ ಇಂಡಿಯ ಬಸ್ಸು ಹತ್ತಿದೆ.

ಗಂಡಿನ ತಂದೆ ಪಡಸಾಲೆಯಲ್ಲಿ ಕೂತು ಅಡಕೆ ಕತ್ತರಿಸುತ್ತಿದ್ದರು. ಕಟ್ಟುಮಸ್ತಾದ ಆಳು, ದೊಡ್ಡ ಮೀಸೆ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮೀನು ಬಿದ್ದದ್ದು, ನೋಡಿದ್ದು, ಬಿಟ್ಟದ್ದು. ಅವರು ಅಡಕೊತ್ತು ಕೆಳಗಿಟ್ಟರು.

"ಎಷ್ಟ ದೊಡ್ಡದಿತ್ತು?"

ಕೈ ಅಗಲಿಸಿ ತೋರಿಸಿದೆ. ಭಯದಲ್ಲಿ ಸ್ವಲ್ಪ ಹೆಚ್ಚೇ ಅಗಲಿಸಿರಬೇಕು.

"ರೋಹು?"

"ಹೌದ್ರಿ."

"ನಮ್ಮ ಮೀನ ನೀ ಬಿಟ್ಟಿ?"

"ಹೌದ್ರಿ."

ಅವರು ಒಳಗೆ ತಿರುಗಿ ಕೂಗಿದರು: "ಏ, ಎಲ್ಲಾರೂ ಹೊರಗ ಬರ್ರಿ! ನಮ್ಮ ಮೀನ ಬಿಟ್ಟಾಂವ ಬಂದಾನ, ನೋಡ ಬರ್ರಿ!" ಮನೆಮಂದಿಯೆಲ್ಲ ಬಂದು ನನ್ನನ್ನು ನೋಡಿತು. ಒಬ್ಬ ಅಜ್ಜಿ ಹತ್ತಿರ ಬಂದು ಮುಖ ಹಿಡಿದು ನೋಡಿ, "ಹುಡುಗ ಚಲೋ ಅದಾನಲ್ಲೋ, ತಲಿ ಯಾಕ ಹಿಂಗ?" ಎಂದಳು. ನಗುವೋ ನಗು. ನನ್ನ ಪಾಲಿಗೆ ಆ ನಗುವಿಗಿಂತ ಸಿಹಿಯಾದದ್ದು ಇರಲಿಲ್ಲ. ಸಂಬಂಧ ಕೂಡಿತು. ಮದುವೆಯ ಫೋಟೋ ನಾನೇ ತೆಗೆದೆ. ಎರಡು ದಿನವೂ ಎರಡೂ ಕಡೆಯವರು ನನ್ನನ್ನು ಕರೆದದ್ದು ಮೀನ ಬಿಟ್ಟಾಂವ ಎಂದೇ. ಇಂಡಿಯಲ್ಲಿ ಇವತ್ತಿಗೂ ಆ ಹೆಸರು ಹೇಳಿದರೆ ನನ್ನ ಗುರುತು ಸಿಗುತ್ತದೆ.

ಮದುವೆ ಮುಗಿದ ಮೇಲಿನ ಭಾನುವಾರ ಮತ್ತೆ ಮಡುವಿಗೆ ಹೋದೆ. ಭೀಮವ್ವಕ್ಕ ಪಕ್ಕದಲ್ಲಿ ಜಾಗ ಕೊಟ್ಟಳು, ಶೇಂಗಾ ಕೊಟ್ಟಳು, ಊರ ಸುದ್ದಿ ಹೇಳಿದಳು. ಕೋಲಿಗೆ ಕೈ ಚಾಚಿದೆ. ಕೊಡಲಿಲ್ಲ.

"ಸಿಟ್ಟೇನಿಲ್ರಿ ನನಗ" ಎಂದಳು. "ನಿಮ್ಮ ಕೈ ಚಲೋ ಐತಿ, ಹಿಟ್ಟು ಚಲೋ ನಾದತೀರಿ. ಖರೆ, ಉಣ್ಣಾವರು ನಿಮಗ ನೆನಪ ಆಗಂಗಿಲ್ಲ. ನೆನಪಾದ ದಿನಾ ನನ್ನ ಕೇಳ್ರಿ. ಅಲ್ಲೀತನಕ ಗಾಳ ಮುಟ್ಟಬ್ಯಾಡ್ರಿ."

ನಾನು ಮುಟ್ಟಲಿಲ್ಲ. ಇಪ್ಪತ್ತಾರು ವರ್ಷ ಮುಟ್ಟಲಿಲ್ಲ. ದೊಡ್ಡ ವ್ರತವೇನೂ ಅಲ್ಲ. ಮಾಂಸ ತಿನ್ನದವನಿಗೆ ಮೀನು ಹಿಡಿಯದಿರುವುದರಲ್ಲಿ ಏನು ಕಷ್ಟ ಎಂದು ಕೇಳುವವರಿಗೆ ನಾನು ಉತ್ತರ ಹೇಳುವುದಿಲ್ಲ. ಕೆಲವು ಮದುವೆಗಳಲ್ಲಿ, ಅಕ್ಕಿಕಾಳು ಬೀಳುವ ಹೊತ್ತಿಗೆ ಕಾದು ನಿಂತಾಗ, ಕ್ಯಾಮೆರಾದ ಮೇಲಿನ ನನ್ನ ಬೆರಳಿಗೆ ಆ ಬೆಂಡಿನ ನೆನಪು ಬರುತ್ತಿತ್ತು ಎಂಬುದಷ್ಟೇ ನಿಜ.

ಈಗ ಈ ದೇಶಕ್ಕೆ ಬರೋಣ. ಕೆಲವು ತಿಂಗಳ ಹಿಂದೆ ಒಂದು ಬೆಳಗ್ಗೆ ಅಂಗಡಿಯಿಂದ ತಂದ ಜೋಳದ ಹಿಟ್ಟು ಹಳೆಯದಾಗಿತ್ತು. ಎಷ್ಟು ನಾದಿದರೂ ಜಿಗಿ ಇಲ್ಲ, ರೊಟ್ಟಿಯ ಅಂಚೆಲ್ಲ ಹರಿದುಹೋಯಿತು. ಕೆಲಸಕ್ಕೆ ಹೊರಟಿದ್ದ ಗಿರಿಜಾ ಅದನ್ನು ನೋಡಿ, "ಇದನ್ನ ಮನಷ್ಯಾರು ತಿನ್ನಂಗಿಲ್ರಿ. ಕೆರ್ಯಾಗಿನ ಮೀನಕ್ಕರೆ ಹಾಕಿ ಬರ್ರಿ" ಎಂದು ಕಣ್ಣು ಮಿಟುಕಿಸಿ ಹೋದಳು. ಅವಳಿಗೆ ಕತೆಯೆಲ್ಲ ಗೊತ್ತು.

ನಮ್ಮ ಮನೆಯ ಹಿಂದೆ ಹತ್ತು ನಿಮಿಷ ನಡೆದರೆ ಎರಡು ಕೆರೆಗಳಿವೆ. ದೊಡ್ಡದರ ದಂಡೆಯಲ್ಲಿ ನಮ್ಮ ಪಕ್ಕದ ಮನೆಯ ಟಾಮ್ ಕೂತಿದ್ದ. ಎಪ್ಪತ್ತು ದಾಟಿದ ಮನುಷ್ಯ, ನಿವೃತ್ತ ಪೋಸ್ಟ್‌ಮ್ಯಾನ್. ನಾನು ಹಿಟ್ಟಿನ ಉಂಡೆ ನೀರಿಗೆಸೆಯುವುದನ್ನೂ, ಎಸೆದ ಜಾಗದಲ್ಲಿ ಗುಳ್ಳೆ ಏಳುವುದನ್ನೂ ನೋಡಿ ಅವನ ಕಣ್ಣು ದೊಡ್ಡದಾಯಿತು. ಅದೇನೆಂದು ಕೇಳಿದ. ಜೋಳ ಎಂದೆ. ಒಂದು ಉಂಡೆ ಕೇಳಿ ತೆಗೆದುಕೊಂಡು ತನ್ನ ಕೊಕ್ಕೆಗೆ ಚುಚ್ಚಿ, ಇನ್ನೊಂದು ಕೋಲು ನನ್ನ ಕೈಗಿಟ್ಟ. ನಾನು ಬೇಡವೆನ್ನಬೇಕಾಗಿತ್ತು. ಅನ್ನಲಿಲ್ಲ.

ಜಿಗಿಯಿಲ್ಲದ ಹಿಟ್ಟು ಎರಡು ಸಲ ಕರಗಿ ಹೋಯಿತು; ಮೂರನೆಯ ಸಲ ಅವನ ಗಾಳಕ್ಕೇ ಮೊದಲು ಬಿತ್ತು. ಅವನು ಅದನ್ನು ಮೆಲ್ಲಗೆ ಎತ್ತಿ, ಒದ್ದೆ ಕೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ನೋಡಿ, ಮತ್ತೆ ನೀರಿಗೆ ಬಿಟ್ಟ. ಮುಖದ ಮೇಲೆ ಅದೇ ಸಾತ್ವಿಕ ಕಳೆ. ನನಗೆ ಮೈ ಜುಂ ಎಂದಿತು. ಈ ಕೆರೆಯಲ್ಲಿ ಬಿಡಲೇಬೇಕು, ಅದೇ ಕಾಯಿದೆ, ಬೋರ್ಡು ನೋಡು ಎಂದ. ನೋಡಿದೆ. ನನ್ನ ಚಾಳಿಯನ್ನು ಒಂದು ಸರ್ಕಾರ ಫಲಕ ನೆಟ್ಟು ಸಾರುತ್ತಿತ್ತು! ಮುಂದಿನ ಆರು ವಾರ ನಾನು ಟಾಮ್‌ನ ಜೊತೆ ಹಿಡಿದೆ, ಬಿಟ್ಟೆ, ಹಿಡಿದೆ, ಬಿಟ್ಟೆ. ಹೊಸ ಹಿಟ್ಟು ತರಿಸಿಕೊಂಡ ಮೇಲಂತೂ ಕೆರೆಯ ದಂಡೆಯಲ್ಲಿ ನನಗೆ ಒಂದು ಹೆಸರೇ ಬಂತು. ನನಗೆ ಕಡೆಗೂ ನನ್ನ ಜಾತಿಯ ಮಂದಿ ಸಿಕ್ಕಿದ್ದರು.

ಆದರೆ ಕೇಳದೆ ಮುಟ್ಟಿದ್ದೆನಲ್ಲ, ಅದು ಒಳಗೆ ಕೊರೆಯುತ್ತಿತ್ತು. ಭೀಮವ್ವಕ್ಕ ಈಗ ಇಂಡಿಯಲ್ಲಿ ಕಸ್ತೂರಿಯ ಮನೆಯಲ್ಲೇ ಇದ್ದಾಳೆ. ಒಂದು ದಿನ ಧೈರ್ಯ ಮಾಡಿ ಫೋನ್ ಹಚ್ಚಿದೆ. ಕಸ್ತೂರಿ ತಾಯಿಯ ಮುಖದ ಮುಂದೆ ಫೋನು ಹಿಡಿದಳು. ಕೂದಲು ಬೆಳ್ಳಗಾಗಿದ್ದವು, ಕಣ್ಣು ಮಾತ್ರ ಬೆಂಡು ನೋಡುವ ಕಣ್ಣೇ. ನಾನು ಬೋರ್ಡಿನಿಂದ ಶುರುಮಾಡಿ ಎಲ್ಲವನ್ನೂ ವರದಿ ಒಪ್ಪಿಸಿದೆ. "ಇಲ್ಲಿ ಎಲ್ಲಾರೂ ಬಿಡ್ತಾರ್ರಿ ಅಕ್ಕಾ. ಕಾಯಿದೆನ ಹಂಗೈತಿ" ಎಂದೆ. ಸ್ವಲ್ಪ ಜಂಬದಿಂದಲೇ ಎಂದೆ.

"ಮತ್ತ ಅವರು ಮನ್ಯಾಗ ಏನ್ ತಿಂತಾರ?"

ನಾನು ತಡವರಿಸಿದೆ. ಯಾಕೆಂದರೆ ಟಾಮ್ ಪ್ರತಿ ಶನಿವಾರ ಕೆರೆಯಲ್ಲಿ ಮೀನು ಬಿಟ್ಟು, ದಾರಿಯಲ್ಲಿ ಅಂಗಡಿಗೆ ಹೋಗಿ, ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿಟ್ಟ ಮೀನು ಕೊಂಡು ಮನೆಗೆ ಹೋಗುತ್ತಿದ್ದ. ಹೇಳದೆ ವಿಧಿಯಿರಲಿಲ್ಲ. ಭೀಮವ್ವಕ್ಕ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು, ಕಸ್ತೂರಿ ಫೋನು ಕೆಳಗಿಟ್ಟು ನೀರು ತರಲು ಓಡಿದಳು. ಮತ್ತೆ ಮುಖ ಕಂಡಾಗ ನಗು ಹೋಗಿತ್ತು.

"ನನ್ನ ಕೇಳದ ಯಾಕ ಮುಟ್ಟಿದ್ರಿ?"

"ತಪ್ಪಾತ್ರಿ."

"ಒಂದರೆ ಹಿಡದೀರೇನು ಇಷ್ಟ ದಿನದಾಗ?"

ಅರವತ್ತು ಹಿಡಿದಿರಬಹುದು. ಆದರೆ ಆಕೆಯ ಅರ್ಥದಲ್ಲಿ ಒಂದೂ ಇಲ್ಲ. ಇಲ್ಲ ಎಂದೆ.

"ಹಂಗಾರ ಅದು ನೀರಾಗ ಕೋಲು ಆಡಸೂದು. ಅದಕ್ಕ ನನ್ನ ಅಪ್ಪಣಿ ಯಾಕ?" ಎಂದು ಫೋನು ಮಗಳ ಕೈಗೆ ಕೊಟ್ಟುಬಿಟ್ಟಳು.

ನನಗೆ ಅವಮಾನವಾಯಿತು, ನಿಜ ಹೇಳಬೇಕೆಂದರೆ ಅಳು ಬಂತು. ಐವತ್ತೊಂದು ವರ್ಷದ ಗಂಡಸು ಪರದೇಶದ ಅಡುಗೆಮನೆಯಲ್ಲಿ ಹಿಟ್ಟಿನ ಕೈಯಿಂದ ಕಣ್ಣೊರೆಸಿಕೊಂಡದ್ದನ್ನು ನಿಮಗೆ ಹೇಳುತ್ತಿದ್ದೇನೆ, ಬೇರೆಯವರಿಗೆ ಹೇಳಬೇಡಿ. ಆಕೆಯ ಒಂದು ಒಳ್ಳೆಯ ಮಾತು ನನಗೆ ಇಷ್ಟು ಬೇಕಾಗಿತ್ತೆಂದು ನನಗೇ ಗೊತ್ತಿರಲಿಲ್ಲ.

ಎರಡನೆಯ ಕೆರೆ ಚಿಕ್ಕದು. ಅಲ್ಲಿ ಟ್ರೌಟ್ ಎಂಬ ಮೀನು ತಂದು ಬಿಟ್ಟಿರುತ್ತಾರೆ. ಚೀಟಿ ಮಾಡಿಸಿದವರು ದಿನಕ್ಕೊಂದನ್ನು ಮನೆಗೊಯ್ಯಬಹುದು. ನಾನು ಚೀಟಿ ಮಾಡಿಸಿದೆ. ಆಮೇಲೆ ಟಾಮ್‌ನ ಬಾಗಿಲು ತಟ್ಟಿ, ನೀನೂ ನಿನ್ನ ಹೆಂಡತಿಯೂ ಭಾನುವಾರ ನಮ್ಮಲ್ಲಿ ಊಟಕ್ಕೆ ಬರಬೇಕು, ಮೀನಿನ ಊಟ ಎಂದೆ. ನೀವು ತಿನ್ನುವುದಿಲ್ಲವಲ್ಲ ಎಂದ. ನೀವು ತಿನ್ನುತ್ತೀರಲ್ಲ ಎಂದೆ. ಮೊದಲು ಮಂದಿಯನ್ನು ಕರೆದು ಆಮೇಲೆ ಗಾಳ ಎತ್ತಿಕೊಂಡದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಗಿರಿಜಾಳನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ನನ್ನ ಒಲಿ ಮ್ಯಾಲ ಆಗಂಗಿಲ್ಲ. ನನ್ನ ಬೋಗಾಣ್ಯಾಗ ಆಗಂಗಿಲ್ಲ. ನನ್ನ ಚಮಚಾ ಮುಟ್ಟಿದ್ರ ನಿಮ್ಮನ್ನ ವಾಪಸ್ ಸಿಂದಗಿ ಬಸ್ಸಿಗೆ ಹತ್ತಸ್ತೇನಿ." ಹಿತ್ತಿಲಲ್ಲಿ, ಟಾಮ್‌ನ ಹಳೆಯ ಗ್ಯಾಸ್ ಒಲೆಯ ಮೇಲೆ, ಹೊಸ ಪಾತ್ರೆಯಲ್ಲಿ ಎಂದು ರಾಜಿಯಾಯಿತು.

ಭಾನುವಾರ ಬೆಳಗ್ಗೆ ಟಾಮ್ ಕೂಡ ನನ್ನ ಜೊತೆ ಬಂದ. ತಾಸೊಂದು ಕಳೆದರೂ ಏನೂ ಇಲ್ಲ. ಬೀಗರಿಗೆ ಝುಣಕವೇ ಗತಿ ಎಂದುಕೊಂಡು ಕೊಕ್ಕೆಗೆ ಮತ್ತೆ ಹಿಟ್ಟು ಚುಚ್ಚಿದೆ. ಆ ಬೆಳಗ್ಗೆ ಖಾಲಿ ಬುಟ್ಟಿಯ ಮುಂದೆ ಕೂತ ಭೀಮವ್ವಕ್ಕನಿಗೆ ಏನಾಗಿರಬೇಕೆಂದು ಆಗ ನನಗೆ ಸರಿಯಾಗಿ ತಿಳಿಯಿತು. ಅಷ್ಟರಲ್ಲಿ ಬೆಂಡು ಹೋಯಿತು. ಎಳೆದೆ. ಬೆಳ್ಳಿಯ ಮೈ, ಪಕ್ಕೆಯಲ್ಲಿ ಒಂದು ಗುಲಾಬಿ ಪಟ್ಟೆ. ಅದೂ ನನ್ನನ್ನೇ ನೋಡುತ್ತಿತ್ತು. ಬಿಟ್ಟುಬಿಡು ಎಂದು ಹಳೆಯ ಚಾಳಿ ಹೇಳಿತು. ನಾನು ಬೊಗಸೆ ನೀರು ಅದರ ಮೇಲೆ ಹಾಕಿ, ತಲೆ ಮುಟ್ಟಿ, ನಮ್ಮ ಭಾಷೆಯಲ್ಲೇ ಹೇಳಿದೆ: "ಸಿಟ್ಟಾಗಬ್ಯಾಡವ್ವಾ, ಮನಿಗೆ ಮಂದಿ ಬಂದಾರ." ಆಮೇಲೆ ಕಣ್ಣು ಮುಚ್ಚಿಕೊಳ್ಳದೆ ಬಡಿದೆ. ನೋವಾಯಿತು. ಆಗಬೇಕಾದದ್ದೇ ಎಂದು ಈಗ ತಿಳಿದಿದ್ದೇನೆ.

ಮೀನಿಗೆ ಏನು ಹೇಳಿದೆ ಎಂದು ಟಾಮ್ ಕೇಳಿದ. ಮನೆಗೆ ಅತಿಥಿಗಳು ಬಂದಿದ್ದಾರೆ ಎಂದು ಹೇಳಿದೆ ಎಂದೆ. ಅವನು ಹಿಂತಿರುಗಿ ದಾರಿಯ ಕಡೆ ನೋಡಿ, ಯಾರು ಬಂದಿದ್ದಾರೆ ಎಂದ. ನೀನೇ ಮಾರಾಯ ಎಂದೆ. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮನೆ ಮುಟ್ಟುವವರೆಗೂ ಹಾಕಿಕೊಳ್ಳಲಿಲ್ಲ.

ಅಡುಗೆ ನಡೆದದ್ದು ಮಳೆಯಲ್ಲಿ. ಟಾಮ್ ಮೀನು ಹಸನು ಮಾಡಿಕೊಟ್ಟು ಪಾತ್ರೆಯ ಮೇಲೆ ಕೊಡೆ ಹಿಡಿದು ನಿಂತ. ಫೋನಿನಲ್ಲಿ ಕಸ್ತೂರಿ ಹೇಳುತ್ತ ಹೋದಳು: ಬೆಳ್ಳುಳ್ಳಿ ಜಜ್ಜ್ರಿ, ಒಣಕೊಬ್ಬರಿ ಸುಟ್ಟು ಅರೀರಿ, ಕೆಂಪು ಖಾರ ಕೈ ಬಿಟ್ಟು ಹಾಕ್ರಿ, ಹುಣಸಿ ಹುಳಿ ಕಡೀಕ. ಖಾರದ ವಿಷಯದಲ್ಲಿ ನಾನು ಟಾಮ್‌ನ ವಯಸ್ಸು ನೋಡಿ ಅರ್ಧಕ್ಕೆ ನಿಲ್ಲಿಸಿದೆ. ಭೀಮವ್ವಕ್ಕ ಹಿಂದೆ ಎಲ್ಲೋ ಕೂತು ಕೇಳುತ್ತಿದ್ದಾಳೆಂದು ಮಾತ್ರ ಆಕೆಯ ಕೆಮ್ಮಿನಿಂದ ಗೊತ್ತಾಗುತ್ತಿತ್ತು. ಗಿರಿಜಾ ಕಿಟಕಿಯ ಗಾಜಿನ ಹಿಂದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ನಿಂತಿದ್ದಳೇ ಹೊರತು ಒಳಗೆ ಹೋಗಲಿಲ್ಲ.

ಟಾಮ್ ಮತ್ತು ಅವನ ಹೆಂಡತಿ ರೊಟ್ಟಿಯಲ್ಲಿ ಮೀನು ಎತ್ತಿಕೊಂಡು ತಿಂದರು. ಮೂಗಿನಲ್ಲಿ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಿಲ್ಲಿಸಲಿಲ್ಲ, ಎರಡನೆಯ ಸಲ ಹಾಕಿಸಿಕೊಂಡರು. ನಾವಿಬ್ಬರೂ ಮೇಜಿನ ಈಚೆ ಬದಿಗೆ ಕೂತು ಝುಣಕ ರೊಟ್ಟಿ ತಿಂದೆವು. ಆ ದಿನ ಬೀಗರು ತಿಂದ ಝುಣಕ ನನ್ನ ತಾಟಿಗೆ ಬಂದಿತ್ತು, ಅದು ಬರಬೇಕಾದ ಜಾಗಕ್ಕೆ. ಇಷ್ಟು ರುಚಿಯಾದ ಝುಣಕ ನಾನು ತಿಂದ ನೆನಪಿಲ್ಲ.

ಊಟವಾದ ಮೇಲೆ ಟಾಮ್‌ನ ತಾಟಿನ ಫೋಟೋ ತೆಗೆದೆ. ಸಾವಿರ ಮದುವೆಯ ಫೋಟೋ ತೆಗೆದ ಕೈ. ಆದರೂ ಬೆಳಕು ನೋಡಿ, ತಾಟು ಕಿಟಕಿಯ ಕಡೆ ತಿರುಗಿಸಿ, ಮೂರು ಸಲ ತೆಗೆದೆ. ಬೆಳ್ಳಗೆ ಮಾಡಲು ಹೋಗಲಿಲ್ಲ, ಇದ್ದ ಹಾಗೆ ತೆಗೆದೆ. ಕಳಿಸಿದ ಐದು ನಿಮಿಷಕ್ಕೆ ಫೋನು ಬಂತು. ಭೀಮವ್ವಕ್ಕ ಕನ್ನಡಕ ಏರಿಸಿಕೊಂಡಿದ್ದಳು.

"ಮುಳ್ಳು ಎಲ್ಲಾ ಸ್ವಚ್ಛ ಆಗ್ಯಾವ" ಎಂದಳು. "ತಲಿ ಯಾಕ ಹಂಗ ಬಿಟ್ಟಾರ?"

"ಅವರಿಗೆ ರೂಢಿ ಇಲ್ರಿ ಅಕ್ಕಾ."

"ಕಲಿಸ್ರಿ." ಆಕೆ ಮತ್ತೊಮ್ಮೆ ಫೋಟೋ ನೋಡಿದಳು. ನಾನು ಬಾಯಿ ಮುಚ್ಚಿಕೊಂಡಿದ್ದೆ, ಎರಡನೆಯ ಪಾಠದಲ್ಲಿ ಕೊನೆಗೂ ಪಾಸಾದೆ. ಆಮೇಲೆ ಆಕೆ ಕನ್ನಡಕ ತೆಗೆದಳು. "ಈಗ ಒಂದು ಹಿಡದ್ರಿ ನೋಡ್ರಿ ಮಾಸ್ತರ."

ಅದಕ್ಕೇ ಗಿರಿಜಾ ಇವತ್ತು ಬೆಳಗ್ಗೆ ಎಷ್ಟು ಮಂದಿ ಎಂದು ಕೇಳಿದ್ದು. ಮಂದಿ ಇಲ್ಲದ ದಿನ ನಾನು ಹಿಟ್ಟು ಒಂದೇ ಮುದ್ದೆ ಮಾಡುತ್ತೇನೆ. ದಂಡೆಗೆ ಹೋಗಿ ಟಾಮ್‌ನ ಬೆಂಡು ನೋಡುತ್ತ ಕೂರುತ್ತೇನೆ, ಕೋಲು ಮುಟ್ಟುವುದಿಲ್ಲ. ಇವತ್ತು ಇಬ್ಬರು ಎಂದೆ. ಅವಳು ಕಪ್ಪು ಕೆಳಗಿಟ್ಟು, ಹಿತ್ತಿಲ ಬಾಗಿಲ ಹಿಂದೆ ತೂಗುಹಾಕಿದ್ದ ಮೀನಿನ ಪಾತ್ರೆಯನ್ನು ಎರಡು ಬೆರಳ ತುದಿಯಿಂದ ಎತ್ತಿ ನನ್ನ ಕೈಗೆ ಕೊಟ್ಟಳು.

"ಇಬ್ಬರಿಗೆ ಅಂತ ಹೇಳಿ, ಅಲ್ಲಿ ಅದರ ಮಾರಿ ನೋಡಿ ಬಿಟ್ಟು ಬಂದೀರಿ" ಎಂದಳು. "ಕಡ್ಲಿ ಹಿಟ್ಟು ಮನ್ಯಾಗ ಮುಗದೈತಿ."